ಸಣ್ಣಾವ ಅಂತ ಬಿಟ್ಟುಕೊಡೂದು ನ್ಯಾಯ ಅಲ್ಲ

ಸೂಟಿಯೊಳಗ ಹುಡುಗರು ಪೋಕೆಮಾನ್ ಕಾರ್ಡ್ ಹರವಿಕೊಂಡು ಕೂತ್ರಂದ್ರ ತಾಸಿಗೊಂದು ಜಗಳ ಅಡಗಿಮನಿಗೆ ಬರ್ತದ. ನಾವು ಕೈಯಾಗಿನ ಲಟ್ಟಣಗಿ ಸುದ್ದಾ ಇಡೂದಿಲ್ಲ, "ಸಣ್ಣಾವ ಅದಾನ, ಬಿಟ್ಟುಕೊಡು" ಅಂತೀವಿ. ನನಗ ಇದು ಸರಿ ಅನಸೂದಿಲ್ಲ. ದೊಡ್ಡಾವನೂ ನಮ್ಮ ಮಗನ ಅಲ್ಲೇನ್ರೆವಾ?

ಚೌಕಾಬಾರದಾಗ ತವರಮನಿ ಕಾಯ್ದೆ ಒಂದು, ಗಂಡನ ಮನಿ ಕಾಯ್ದೆ ಇನ್ನೊಂದು. ಅಲ್ಲೆ ಹಿರೇರು ಅಂದದ್ದ ಖರೆ. ಈ ಆಟ ಹಂಗಲ್ಲ. ಕಾಯ್ದೆ ಪುಸ್ತಕದಾಗ ಬರದಾರ, ಕಾರ್ಡಿನ ಮ್ಯಾಲೂ ಬರದಾರ. ಎರಡಕ್ಕೂ ತಕರಾರ ಬಂದ್ರ ಕಾರ್ಡಿನ ಮಾತ ನಡೀತದ.

ಎದುರಿನ ಕಾರ್ಡಿಗೆ ಬೆಂಕಿ ಆಗಿಬರೂದಿಲ್ಲ ಅಂದ್ರ ಬೆಂಕಿ ಪೆಟ್ಟು ಇಮ್ಮಡಿ, 30 ಇದ್ದದ್ದು 60. ಆದ್ರ ಹಿಂದ ಬೆಂಚಿನ್ಯಾಗ ಕೂತದ್ದಕ್ಕ ಬಿದ್ರ? ದೊಡ್ಡಾವ 60 ಅಂತಾನ, ಸಣ್ಣಾವ 30 ಅಂತಾನ. ಸಣ್ಣಾವಂದ ಖರೆ, ಬೆಂಚಿಗೆ ಇಮ್ಮಡಿ ಇಲ್ಲ. ಇನ್ನ ವಿಷ ಏರಿದ ಪೋಕೆಮಾನ್ ವಿಕಾಸ ಆತಂದ್ರ ವಿಷ ಇಳೀತದ, ಮೊದಲ ಬಿದ್ದ ಪೆಟ್ಟು ಹಂಗ ಉಳೀತದ. ಇಲ್ಲೆ ಸಣ್ಣಾವ "ಎಲ್ಲಾ ಹೋತು" ಅಂತ ಅಳ್ತಾನ. ಅತ್ರೂ ಪೆಟ್ಟು ಹೋಗೂದಿಲ್ಲ.

ನಮಗ ಆಟ ಬರಬೇಕಂತೇನಿಲ್ಲ. "ಕಾರ್ಡಿನ್ಯಾಗ ಏನ್ ಬರದಾರ, ಗಟ್ಟ್ಯಾಗಿ ಓದು" ಅಂದ್ರ ಅರ್ಧ ಜಗಳ ಅಲ್ಲೇ ಆರ್ತದ. (ಇಂಗ್ಲಿಷ್ ಓದೂ ರೂಢಿನೂ ಆಗ್ತದ, ಅದು ಬ್ಯಾರೆ ಮಾತು.) ಸಣ್ಣಾವಗ ಸಡಿಲ ಕೊಡೂದಿದ್ರ ಆಟ ಶುರು ಆಗೂಕಿಂತ ಮೊದಲ ಹೇಳ್ರಿ: ದೊಡ್ಡಾವ ಬಹುಮಾನದ ಕಾರ್ಡು 6 ತಗೀಬೇಕು, ಸಣ್ಣಾವ 4 ತಗದ್ರ ಗೆದ್ದಂಗ. ಇಬ್ಬರೂ ಹೂಂ ಅಂದಮ್ಯಾಲ ನಡುವ ಯಾರೂ, ಅಜ್ಜಿ ಸುದ್ದಾ, ಬಾಯಿ ಹಾಕಬಾರದು.