ಮೂಲಾ ನಕ್ಷತ್ರ ಮತ್ತು ಸಮಸಂಖ್ಯೆ

ಗಣಿತದ ಮೇಷ್ಟ್ರು ರಜೆ ಹಾಕಿದ್ದ ದಿನ ಎಂಟನೇ ತರಗತಿಗೆ ನನ್ನನ್ನು ಕಳಿಸಿದರು. ನಾನು ಸಮಾಜ ಪಾಠದವಳು. ಗದ್ದಲ ಅಡಗಲೆಂದು ಬೋರ್ಡಿನ ಮೇಲೆ 8 = 3 + 5, 10 = 3 + 7, 28 = 5 + 23 ಎಂದು ಬರೆದೆ. ಎರಡಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಹೀಗೆ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವೇ? 1742ರಲ್ಲಿ ಗೋಲ್ಡ್‌ಬಾಕ್ ಎಂಬುವನ ಪತ್ರದಿಂದ ಹುಟ್ಟಿದ ಪ್ರಶ್ನೆ ಇದು. ಕಂಪ್ಯೂಟರುಗಳು 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೂರ ಹೋಗಿ ನೋಡಿವೆ, ಒಂದೂ ತಪ್ಪಿಲ್ಲ. ಆದರೂ ಗಣಿತಜ್ಞರು ‘ಇನ್ನೂ ಸಾಧಿಸಿಲ್ಲ’ ಎಂದೇ ಹೇಳುತ್ತಾರೆ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಮರುದಿನ ಒಬ್ಬ ಹುಡುಗಿಯ ತಾಯಿ ಗೇಟಿನ ಬಳಿ ನಿಲ್ಲಿಸಿದರು. “ಉತ್ತರವೇ ಇಲ್ಲದ್ದನ್ನ ಯಾಕೆ ಮಿಸ್ ಹೇಳ್ಕೊಡ್ತೀರಿ? ಪರೀಕ್ಷೆಗೆ ಬರುತ್ತಾ?” ಮಾತು ದೊಡ್ಡ ಮಗಳ ಮದುವೆಗೆ ತಿರುಗಿದಾಗ ಅವರೇ, “ಜಾತಕ ನಿಜವೋ ಸುಳ್ಳೋ ಇನ್ನೂ ತೀರ್ಮಾನ ಆಗಿಲ್ವಲ್ಲ, ನಾವ್ಯಾಕೆ ರಿಸ್ಕ್ ತಗೋಬೇಕು?” ಎಂದರು.

ನನ್ನ ಜಗಳ ಈ ಮಾತಿನ ಜೊತೆ. ಪರೀಕ್ಷೆಗೆ ಕೂತೂ ಉತ್ತರ ಸಿಗದಿರುವುದು ಬೇರೆ, ಪರೀಕ್ಷೆಗೇ ಕೂರದಿರುವುದು ಬೇರೆ. ಎರಡಕ್ಕೂ ‘ತೀರ್ಮಾನವಾಗಿಲ್ಲ’ ಎಂಬ ಒಂದೇ ಹೆಸರೇ?

ಜಯನಗರ, ಬಸವನಗುಡಿಯವರಿಗೆ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ಪರಿಚಯಿಸಬೇಕಾಗಿಲ್ಲ. ಖಾದಿ ಟೋಪಿಯ ಆ ಭೌತಶಾಸ್ತ್ರದ ಮೇಷ್ಟ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದರು. ನಮ್ಮೆದುರು ಮಾಡಿ ತೋರಿಸಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರಗಳನ್ನು ಬರೆದರು. ಪರೀಕ್ಷೆ ನಡೆಯಲೇ ಇಲ್ಲ. ವಿಜ್ಞಾನ ಇಂದ್ರಿಯಗಳ ಎಲ್ಲೆಯೊಳಗಿರಲಿ, ಅಧ್ಯಾತ್ಮ ಅದಕ್ಕೆ ಅತೀತ ಎಂಬುದು ಬಾಬಾ ಅವರ ನಿಲುವಾಗಿತ್ತು. ಇರಬಹುದು. ಆದರೆ ಕೈಗೆ ಬಿದ್ದ ವಿಭೂತಿ, ಬೆರಳಿಗೆ ಹಾಕಿಕೊಳ್ಳುವ ಉಂಗುರ ಇಂದ್ರಿಯಕ್ಕೆ ಅತೀತವಾದದ್ದು ಹೇಗೆ?

ನಾನು ನಾಸ್ತಿಕಳಲ್ಲ, ಸಂಜೆ ದೀಪ ಹಚ್ಚುತ್ತೇನೆ. ಜೀವ, ಬ್ರಹ್ಮ ಒಂದೋ ಎರಡೋ ಎಂದು ದ್ವೈತಿಗಳೂ ಅದ್ವೈತಿಗಳೂ ಶತಮಾನಗಳಿಂದ ವಾದಿಸುತ್ತಿದ್ದಾರೆ, ವಾದಿಸಲಿ. ಆ ವಾದ ಮುಗಿದಿಲ್ಲವೆಂದು ಯಾವ ಹುಡುಗಿಯ ಮದುವೆಯೂ ನಿಂತಿಲ್ಲ.

ನನ್ನದು ನಿಂತಿತ್ತು. ನಾನು ಮೂಲಾ ನಕ್ಷತ್ರದವಳು, ಮಾವನಿಗೆ ಆಗದವಳು. ಮೂರು ಸಂಬಂಧ ಉಪ್ಪಿಟ್ಟು-ಕೇಸರಿಭಾತ್ ತಿಂದು ವಾಪಸಾದವು. ಕೊನೆಗೆ ಅಪ್ಪ ಮಾವನೇ ಇಲ್ಲದ ಮನೆ ಹುಡುಕಿ ಕೊಟ್ಟರು. ಆ ಹಿರಿಯರು ನಾನು ಕಾಲಿಡುವ ಏಳು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಸಾವಿಗೆ ಯಾವ ನಕ್ಷತ್ರದ ಸೊಸೆ ಕಾರಣವೆಂದು ಯಾರೂ ಕೇಳಲಿಲ್ಲ.

ಇದು ಗೋಲ್ಡ್‌ಬಾಕ್‌ನ ಲೆಕ್ಕದಷ್ಟು ಕಷ್ಟವೂ ಅಲ್ಲ. ನಕ್ಷತ್ರಗಳು 27, ಸುಮಾರು 27ರಲ್ಲಿ ಒಬ್ಬ ಸೊಸೆ ಮೂಲಾ. ಅವರ ಮಾವಂದಿರು ಎಷ್ಟು ವರ್ಷ ಬದುಕಿದರು, ಉಳಿದವರ ಮಾವಂದಿರು ಎಷ್ಟು ವರ್ಷ ಬದುಕಿದರು ಎಂದು ಎಣಿಸಿ ನೋಡಲು ನನ್ನ ಎಂಟನೇ ತರಗತಿಯ ಗಣಿತವೇ ಸಾಕು. 2017ರಲ್ಲಿ ಕರ್ನಾಟಕಕ್ಕೆ ವಾಮಾಚಾರ ತಡೆ ಕಾಯ್ದೆ ಬಂದಾಗಲೂ ಜ್ಯೋತಿಷ್ಯ, ವಾಸ್ತುಗಳನ್ನು ಹೊರಗಿಟ್ಟರು. ಜೋಯಿಸರನ್ನು ಜೈಲಿಗೆ ಹಾಕಿ ಎನ್ನುತ್ತಿಲ್ಲ. ಎಣಿಸಿ ಎನ್ನುತ್ತಿದ್ದೇನೆ.

ಮೊನ್ನೆ ಬನಶಂಕರಿಯಿಂದ ನೆಂಟರೊಬ್ಬರು ಮಗನ ಜಾತಕ ಹಿಡಿದು ಬಂದಿದ್ದರು. “ಹುಡುಗಿ ಚೆನ್ನಾಗಿದ್ದಾಳೆ, ಕೆಲಸವೂ ಇದೆ. ಆದರೆ ಮೂಲಾ. ಏನು ಮಾಡೋದು ಅಕ್ಕಾ?” ನಾನು ನನ್ನ ನಕ್ಷತ್ರ ಹೇಳಿದೆ. ಅವರು ಕಾಫಿ ಕೆಳಗಿಟ್ಟು, ಗೋಡೆಯ ಮೇಲಿದ್ದ ನಮ್ಮ ಮಾವನವರ ಫೋಟೋವನ್ನೂ ಅದರ ಗಂಧದ ಹಾರವನ್ನೂ ಒಮ್ಮೆ ನೋಡಿದರು.