ಇಲಿಗೆ ನೆನಪು ಬಂತು, ಅಮ್ಮನಿಗೆ?

ಫ್ಯಾಮಿಲಿ ಗ್ರೂಪಿನಲ್ಲಿ ತಿಂಗಳಿಗೊಂದು ಸಲವಾದರೂ ಬಂದೇ ಬರುವ ಫಾರ್ವರ್ಡ್ ಒಂದಿದೆ. ಒಂದೆಲಗ ತಿಂದರೆ ಮರೆಗುಳಿತನ ಮಾಯವಂತೆ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರಂತೆ. ಬೆಂಗಳೂರಿನಲ್ಲಿ ಕೂತ ಮಗ ಅದನ್ನು ಓದುತ್ತಾನೆ, ಆ್ಯಪ್ ತೆಗೆದು ಕ್ಯಾಪ್ಸೂಲಿನ ಡಬ್ಬಿ ಆರ್ಡರ್ ಮಾಡುತ್ತಾನೆ, ಡೆಲಿವರಿಗೆ ಬಾರ್ಕೂರಿನ ಮನೆಯ ವಿಳಾಸ ಹಾಕುತ್ತಾನೆ. ತಮಾಷೆ ನೋಡಿ, ಆ ಡಬ್ಬಿ ಹೋಗಿ ಇಳಿಯುವ ಮನೆಯ ಹಿತ್ತಿಲಲ್ಲೇ, ಬಾವಿಕಟ್ಟೆಯ ತೇವದಲ್ಲಿ ಅದೇ ಒಂದೆಲಗ ಹಬ್ಬಿಕೊಂಡಿರುತ್ತದೆ. ತುಳುವಿನವರು ಅದನ್ನು ತಿಮರೆ ಅಂತಾರೆ. ತೆಂಗಿನಕಾಯಿ, ಜೀರಿಗೆ, ಕಾಳುಮೆಣಸು ಸೇರಿಸಿ ಅರೆದು ಮಜ್ಜಿಗೆಗೆ ಹಾಕಿದರೆ ತಂಬುಳಿ. ನಮ್ಮ ಕಡೆ ಅದು ಊಟ.

ನನ್ನ ತಕರಾರು ತಂಬುಳಿಯ ಮೇಲಲ್ಲ, "ಸಾಬೀತು" ಎಂಬ ಪದದ ಮೇಲೆ. ಸಾಬೀತಾದದ್ದು ಯಾರ ಮೇಲೆ? ಬಹುಪಾಲು ಇಲಿಯ ಮೇಲೆ.

ಈ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಬಾರ್ಕೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಮಣಿಪಾಲದಲ್ಲಿ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಒಂದೆಲಗದ ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ಕಲಿಕೆ, ನೆನಪು ಸುಧಾರಿಸಿತು ಎಂದು 1992ರಲ್ಲೇ 'ಫಿಟೊಟೆರಾಪಿಯಾ' ಪತ್ರಿಕೆಯಲ್ಲಿ ಬರೆದರು. ಆಮೇಲೆ ಅಲ್ಲಿಯದೇ ಅನಾಟಮಿ ವಿಭಾಗ ಇನ್ನೂ ಆಳಕ್ಕೆ ಹೋಯಿತು. ದಿನಕ್ಕೆ ಕೆ.ಜಿ. ತೂಕಕ್ಕೆ 2, 4, 6 ಮಿ.ಲೀ. ಹಸಿ ರಸ, ಎರಡು, ನಾಲ್ಕು, ಆರು ವಾರ. ಕೊನೆಗೆ ಮಿದುಳು ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ, ಹೆಚ್ಚು ರಸ ಹೆಚ್ಚು ದಿನ ಕುಡಿದ ಇಲಿಗಳಲ್ಲಿ ನರಕೋಶಗಳ ಕವಲುಗಳು ಉದ್ದವಾಗಿದ್ದವು, ಜಾಸ್ತಿಯಾಗಿದ್ದವು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಚಿಕ್ಕಿಲಿಗಳ ಮಿದುಳಿಗೆ ವಿಷದಿಂದಾಗುವ ಆಕ್ಸಿಡೇಟಿವ್ ಹಾನಿಯನ್ನು ಒಂದೆಲಗ ತಡೆಯುತ್ತದೆ ಎಂದು 2008ರಲ್ಲಿ ತೋರಿಸಿದರು.

ಇದೆಲ್ಲ ಒಳ್ಳೆಯ ಕೆಲಸವೇ. ಅಜ್ಜಿ ಹೇಳಿದ್ದನ್ನು ಲ್ಯಾಬಿಗೆ ತಂದು ನೋಡುವುದು ವಿಜ್ಞಾನದ ಮೊದಲ ಮೆಟ್ಟಿಲು. ಆದರೆ ಮೊದಲ ಮೆಟ್ಟಿಲಲ್ಲೇ ಚಾಪೆ ಹಾಸಿ ಮಲಗಿಬಿಟ್ಟರೆ ಹೇಗೆ ಮಾರಾಯ್ರೆ?

ಮಣಿಪಾಲದ ಆ ಅನಾಟಮಿ ಪ್ರಯೋಗಗಳ ಇಲಿಗಳಿಗೆ ಡಿಮೆನ್ಷಿಯಾ ಇರಲಿಲ್ಲ. ಅವು ಗಟ್ಟಿಮುಟ್ಟಾದ ಇಲಿಗಳು. ಇನ್ನು 'ಡಿಮೆನ್ಷಿಯಾ ಇಲಿ' ಎಂದು ಪೇಪರುಗಳಲ್ಲಿ ಬರುತ್ತದಲ್ಲ, ಅದನ್ನು ಬಹಳ ಕಡೆ ಹೇಗೆ ತಯಾರಿಸುತ್ತಾರೆ ಗೊತ್ತಾ? ಸ್ಕೋಪೋಲಮಿನ್ ಎಂಬ ಔಷಧ ಚುಚ್ಚಿ. ನಮ್ಮ ರಸ್ತೆ ಬದಿಯ ಉಮ್ಮತ್ತದ ಗಿಡದಲ್ಲೂ ಇರುವ ವಸ್ತು ಅದು. ಕೆಲವು ಗಂಟೆ ಇಲಿಗೆ ಮಂಕು ಕವಿಯುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಕಾಲಿಗೆ ಶಾಕ್ ಕೊಟ್ಟ ಕೋಣೆಗೆ ಮರುದಿನ ಕಾಲಿಡಲು ಹಿಂಜರಿದರೆ 'ನೆನಪಿದೆ' ಎಂದು ಲೆಕ್ಕ. ಮನುಷ್ಯನ ಆಲ್ಝೈಮರ್ ಹಾಗಲ್ಲ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಮಿದುಳಲ್ಲಿ ಪ್ರೋಟೀನ್ ಕಟ್ಟಿಕೊಂಡು, ಕೋಶಗಳು ಸತ್ತು, ಕೊನೆಗೊಂದು ದಿನ ಅಮ್ಮ ಸ್ವಂತ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಹುಡುಕುತ್ತಾಳೆ. ಒಂದು ಮಧ್ಯಾಹ್ನದ ಮಂಕಿಗೂ ಇಪ್ಪತ್ತು ವರ್ಷದ ಸವೆತಕ್ಕೂ ಒಂದೇ ಹೆಸರು ಕೊಟ್ಟರೆ ಹೆಸರಷ್ಟೇ ಒಂದಾಗುತ್ತದೆ.

ಆ್ಯಂಟಿ ಆಕ್ಸಿಡೆಂಟ್ ವಾದ ಕೇಳಲು ಚೆಂದ. ಕಡಲ ಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿಯುವ ಹಾಗೆ ಮಿದುಳೂ ತುಕ್ಕು ಹಿಡಿಯುತ್ತದೆ, ತುಕ್ಕು ತಡೆಯುವ ಸೊಪ್ಪು ತಿಂದರೆ ಆಯಿತು. ಆದರೆ ಕಿಟಕಿಗೆ ಬಣ್ಣ ನೇರ ಹಚ್ಚಬಹುದು. ತಿಂದ ಸೊಪ್ಪು ಕರುಳಲ್ಲಿ ಹೀರಿಕೆಯಾಗಬೇಕು, ಲಿವರಿನಿಂದ ಪಾರಾಗಬೇಕು, ರಕ್ತ ಮತ್ತು ಮಿದುಳಿನ ನಡುವಿನ ಗೋಡೆ ದಾಟಬೇಕು. ದಾಟಿದರೂ ರೋಗಕ್ಕೆ ತುಕ್ಕು ಕಾರಣವೋ, ರೋಗದ ಫಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಮನುಷ್ಯರ ಮೇಲೆ ದೊಡ್ಡದಾಗಿ ನೋಡಿದಾಗ ಏನಾಯಿತು? ಗಿಂಕೊ ಎಲೆಯ ಸಾರವನ್ನು ಅಮೆರಿಕದಲ್ಲಿ 75 ದಾಟಿದ 3,069 ಮಂದಿಯ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಡಿಮೆನ್ಷಿಯಾ ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ವರದಿ ಬಂತು. ವಿಟಮಿನ್ ಇ ಮತ್ತು ಸೆಲೆನಿಯಂ ಅನ್ನು 7,540 ಗಂಡಸರಲ್ಲಿ ನೋಡಿದರು. 2017ರ ಫಲಿತಾಂಶ, ತಡೆಯಲಿಲ್ಲ. ಅದಕ್ಕೂ ಮೊದಲು, 2014ರಲ್ಲಿ, ಆಲ್ಝೈಮರ್ ಈಗಾಗಲೇ ಇದ್ದ 613 ಮಂದಿಯಲ್ಲಿ ವಿಟಮಿನ್ ಇ ದೈನಂದಿನ ಕೆಲಸದ ಶಕ್ತಿ ಕುಸಿಯುವ ವೇಗವನ್ನು ಸ್ವಲ್ಪ ತಗ್ಗಿಸಿತ್ತು, ಆದರೆ ನೆನಪು ಮರಳಲಿಲ್ಲ. ಗಿಡಮೂಲಿಕೆಗೆ ಮಾತ್ರ ಬಂದ ಗತಿ ಇದಲ್ಲ. 2002ರಿಂದ 2012ರವರೆಗಿನ ಆಲ್ಝೈಮರ್ ಔಷಧ ಪ್ರಯೋಗಗಳಲ್ಲಿ ಸೋಲಿನ ಪ್ರಮಾಣ ಶೇ. 99.6. ಅವುಗಳಲ್ಲಿ ಎಷ್ಟೋ ಔಷಧಗಳು ಪ್ರಾಣಿಗಳಲ್ಲಿ ಗೆದ್ದು ಬಂದವೇ.

ಒಂದೆಲಗದ ವಿಷಯಕ್ಕೇ ಬಂದರೆ, ಥಾಯ್ಲೆಂಡಿನಲ್ಲಿ 2008ರಲ್ಲಿ 28 ಆರೋಗ್ಯವಂತ ಹಿರಿಯರಿಗೆ ಎರಡು ತಿಂಗಳು ಕೊಟ್ಟು ಒಂದಿಷ್ಟು ಒಳ್ಳೆಯ ಫಲ ಕಂಡರು. 28 ಅಂದರೆ ಬಾರ್ಕೂರಿನ ಒಂದು ಮದುವೆ ಊಟದ ಅರ್ಧ ಪಂಕ್ತಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ 2017ರ ವಿಶ್ಲೇಷಣೆ, ನೆನಪು-ಬುದ್ಧಿ ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದಿತು. ಇಲಿಯಿಂದ ಮನುಷ್ಯನ ಡೋಸಿಗೆ ರೂಢಿಯ ಲೆಕ್ಕ 6.2ರಿಂದ ಭಾಗಿಸುವುದು. ಕೆ.ಜಿ.ಗೆ 6 ಮಿ.ಲೀ. ಅಂದರೆ 60 ಕೆ.ಜಿ.ಯ ಅಮ್ಮನಿಗೆ ದಿನಾ ಸುಮಾರು 58 ಮಿ.ಲೀ. ಅಪ್ಪಟ ರಸ, ವಾರಗಟ್ಟಲೆ. ನೀವು ಕಳಿಸಿದ ಕ್ಯಾಪ್ಸೂಲಿನಲ್ಲಿ ಎಷ್ಟಿದೆ? ಅದಿರಲಿ, ಅದರಲ್ಲಿರುವುದು ಯಾವ ಗಿಡ? 'ಬ್ರಾಹ್ಮಿ' ಎಂಬ ಹೆಸರಲ್ಲಿ ಒಂದೆಲಗವನ್ನೂ ಮಾರುತ್ತಾರೆ, ನೀರುಬ್ರಾಹ್ಮಿಯನ್ನೂ ಮಾರುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು.

ನಿಜವಾದ ನಷ್ಟ ಡಬ್ಬಿಯ ದುಡ್ಡಲ್ಲ, ಆ ಡಬ್ಬಿ ನುಂಗಿಹಾಕುವ ವರ್ಷ. "ಅರವತ್ತಕ್ಕೆ ಅರಳು ಮರಳು" ಎಂದು ನಮ್ಮ ಗಾದೆ ಮೊದಲೇ ಬಾಗಿಲು ಹಾಕಿಬಿಟ್ಟಿದೆ. ಅದರ ಮೇಲೆ ಈ ಕ್ಯಾಪ್ಸೂಲು. "ಮದ್ದು ನಡೀತಾ ಉಂಟಲ್ಲ" ಎಂಬ ಸಮಾಧಾನದಲ್ಲಿ ಡಾಕ್ಟರ ಹತ್ತಿರ ಹೋಗುವುದು ಮುಂದಕ್ಕೆ ಹೋಗುತ್ತದೆ. ಮರೆವೆಲ್ಲ ಆಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಿನ್ನುವ ಹತ್ತು ಮಾತ್ರೆಗಳಲ್ಲಿ ಯಾವುದೋ ಒಂದರ ಅಡ್ಡಪರಿಣಾಮ, ಇವೆಲ್ಲ ಡಿಮೆನ್ಷಿಯಾದ ವೇಷ ಹಾಕಿ ಬರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಸಿಗಬಹುದಾಗಿದ್ದ ಉತ್ತರ, ಇಲಿಯ ಹೆಸರು ಹೇಳಿ ಮಾರಿದ ಸೊಪ್ಪಿನ ಪುಡಿಯಡಿ ಹೂತುಹೋಗುತ್ತದೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ದುಬೈ ಸೇರಿದ ಕರಾವಳಿಯ ಮನೆಗಳಲ್ಲಿ ಅದನ್ನು ಮೊದಲು ಗಮನಿಸುವವರಾದರೂ ಯಾರು?

ಹಾಗಾದರೆ ಒಂದೆಲಗವನ್ನು ಬಿಟ್ಟುಬಿಡಬೇಕಾ? ಬೇಡ. ಇನ್ನೊಂದು ಸ್ಕೋಪೋಲಮಿನ್ ಇಲಿ, ಇನ್ನೊಂದು ಸೊಪ್ಪು, ಇನ್ನೊಂದು ಪೇಪರು, ಈ ಸಾಲನ್ನು ನಿಲ್ಲಿಸಿ. ಪ್ರಾಣಿ ಪ್ರಯೋಗ ಬೇಕಾದಷ್ಟೇ ಇರಲಿ, ಬದಲಿ ಇದ್ದರೆ ಬದಲಿ ಬಳಸಿ ಎಂಬ ತತ್ವವನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿಟ್ಟಿದ್ದಾರೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮತ್ತೆ ಕೇಳಲು ಇಲಿ ಕೊಲ್ಲುವುದು ಇಲಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಆ ದುಡ್ಡು, ಆ ಶ್ರಮ ಮನುಷ್ಯರ ಕಡೆ ತಿರುಗಲಿ. ನಮ್ಮಿಂದ ಆಗುವುದಿಲ್ಲ ಅನ್ನಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳನ್ನು ವರ್ಷವರ್ಷವೂ ಗಮನಿಸುವ ದೊಡ್ಡ ಅಧ್ಯಯನವನ್ನು ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಕೋಲಾರದಲ್ಲಿ ಆಗುವುದು ಕರಾವಳಿಯಲ್ಲಿ ಯಾಕೆ ಆಗಬಾರದು? ಬದುಕಿಡೀ ಒಂದೆಲಗ ತಿಂದವರು ಇರುವುದೇ ಇಲ್ಲಿ. ಅಳತೆ ಗೊತ್ತಿರುವ ಸಾರ, ಎದುರಿಗೆ ಹುಸಿ ಮಾತ್ರೆ, ನೂರಾರು ಹಿರಿಯರು, ಎರಡು ಮೂರು ವರ್ಷ. ಗೆದ್ದರೆ ಲೋಕಕ್ಕೇ ಹೇಳೋಣ. ಸೋತರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳೋಣ, ತಂಬುಳಿಯ ರುಚಿ ಏನೂ ಕೆಡುವುದಿಲ್ಲ.

ಅಲ್ಲಿಯವರೆಗೆ ನಿಮ್ಮ ಕೆಲಸ ಇಷ್ಟು. ಫಾರ್ವರ್ಡ್ ಬಂದಾಗ ಕೇಳಿ: ಇಲಿಯೋ, ಮನುಷ್ಯನೋ? ಎಷ್ಟು ಜನ? ಎಷ್ಟು ಡೋಸು? ಲ್ಯಾನ್ಸೆಟ್ ಆಯೋಗದ 2024ರ ವರದಿ ಪ್ರಕಾರ, ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ. 45ರಷ್ಟನ್ನು 14 ಅಪಾಯಕಾರಿ ಅಂಶಗಳನ್ನು ಸರಿಪಡಿಸಿ ತಡೆಯಲು ಅಥವಾ ಮುಂದೂಡಲು ಸಾಧ್ಯವಿರಬಹುದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಒಂಟಿತನ, ಎಲ್ಲವೂ ಆ ಪಟ್ಟಿಯಲ್ಲಿವೆ. ಒಂಟಿತನಕ್ಕೆ ಕ್ಯಾಪ್ಸೂಲ್ ಇಲ್ಲ. ಮುಂದಿನ ಸಲ ಕಾರ್ಟಿಗೆ ಆ ಡಬ್ಬಿ ಹಾಕುವ ಮೊದಲು ಅಮ್ಮನ ಕಿವಿ ಪರೀಕ್ಷೆಗೆ ಅಪಾಯಿಂಟ್‌ಮೆಂಟ್ ತಗೊಳ್ಳಿ, ಬಿ12 ನೋಡಿಸಿ, ಬಾರ್ಕೂರಿಗೆ ಒಂದು ಟಿಕೆಟ್ ಮಾಡಿಸಿ.