ಅಟ್ಟ ತುಂಬುವ ಮುನ್ನ

ಊರು ಬಿಟ್ಟು ಪುಟ್ಟ ಬಿಡಾರಗಳಲ್ಲಿ ಬಾಳುವ ನಮಗೆ ಅಟ್ಟ ತುಂಬುವುದು ಹೊಸತಲ್ಲ. ನಮ್ಮ ಎಷ್ಟೋ ತರುಣರು ನೋಡಿಕೊಳ್ಳುವ ಜಾಲ ನಿರ್ವಹಣೆಯ ಸರ್ವರಿಗೂ ಇದೇ ಪಾಡು. ನೂರಾರು ಯಂತ್ರಗಳ ಕ್ಷೇಮ ವಿಚಾರಿಸುವ ಈ ಕಾವಲುಗಾರನ ಡಿಸ್ಕೇ ತುಂಬಿತೆನ್ನಿ. ಎಲ್ಲೋ ಲಿಂಕು ಕಡಿದರೂ ಎಚ್ಚರಿಕೆ ಬಾರದೆ ಹೋದೀತು.

ಲಿನಕ್ಸ್‌ನಲ್ಲಿ ಯಾವ ಭಾಗ ತುಂಬಿದೆಯೆಂದು ‘ಡಿಎಫ್’ ಹೇಳುತ್ತದೆ, ತುಂಬಿಸಿದವರಾರೆಂದು ‘ಡಿಯು’. ಹಲವು ಸಲ ಅಪರಾಧಿ ಹಳೆಯ ಲಾಗುಗಳೇ. ಆದರೆ ಅಳಿಸಿದೊಡನೆ ಜಾಗ ಸಿಕ್ಕಿತೆಂದು ತಿಳಿಯಬಾರದು. ಕಡತವನ್ನು ಯಾವುದಾದರೊಂದು ಪ್ರೋಗ್ರಾಂ ತೆರೆದು ಹಿಡಿದಿದ್ದರೆ ಹೆಸರು ಮಾತ್ರ ಹೋಗುತ್ತದೆ. ಆ ಪ್ರೋಗ್ರಾಂ ಕೈಬಿಡುವ ತನಕ ಜಾಗ ಬಿಡುವಾಗದು.

ಡೇಟಾಬೇಸಿನ ಕಡತಗಳನ್ನಂತೂ ಕೈಯಿಂದ ಅಳಿಸಲೇಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಹಳೆಯ ದಾಖಲೆ ತೆಗೆದು ‘ವ್ಯಾಕ್ಯೂಮ್’ ಮಾಡಿದರೆ ಜಾಗ ಸಾಮಾನ್ಯವಾಗಿ ಅದರೊಳಗೇ ಮರುಬಳಕೆಗೆ ಉಳಿಯುತ್ತದೆ. ‘ವ್ಯಾಕ್ಯೂಮ್ ಫುಲ್’ ಅದನ್ನು ಡಿಸ್ಕಿಗೆ ಹಿಂತಿರುಗಿಸುವುದೇನೋ ನಿಜ. ಆದರೆ ಮೊದಲು ಹೊಸ ಪ್ರತಿ ಬರೆಯಲು ಜಾಗ ಬೇಡುತ್ತದೆ, ಅಲ್ಲಿಯ ತನಕ ಆ ಟೇಬಲ್ಲಿಗೆ ಬೀಗ. ಪೂರ್ತಿ ತುಂಬಿದ ಮೇಲೆ ಈ ಮದ್ದು ನಾಟದು.

ಆದುದರಿಂದ ನಾವು ಹೇಳುವುದಿಷ್ಟೆ: ಲಾಗುಗಳನ್ನು ‘ಲಾಗ್‌ರೊಟೇಟ್’ಗೆ ಒಪ್ಪಿಸಿರಿ, ದಾಖಲೆ ಎಷ್ಟು ದಿನ ಬೇಕೆಂದು ಮೊದಲೇ ಗೊತ್ತುಮಾಡಿರಿ, ಶೇಕಡ 80 ತುಂಬಿದಾಗಲೇ ಸುದ್ದಿ ಬರಲಿ, ಅದೂ ಬೇರೊಂದು ಯಂತ್ರದಿಂದ. ಉಸಿರು ಕಟ್ಟಿದ ಕಾವಲುಗಾರ ತಾನೇ ಕೂಗಲಾರನಷ್ಟೆ!